ಕನ್ನಡ ಸ್ಲೈಡ್ ಪ್ರಸ್ತುತಿಗಳ ಜಾಲಪರಿವರ್ತನೆ

ಸ್ಲೈಡ್ ಪ್ರಸ್ತುತಿಗಳ ಜಾಲಪರಿವರ್ತನೆ ಎಂದರೆ ಪವರ್‌ಪಾಯಿಂಟ್, ಲಿಬ್ರೆಆಫೀಸ್ ಇಂಪ್ರೆಸ್ ಮೊದಲಾದ ತಂತ್ರಾಂಶಗಳಲ್ಲಿ ಸಿದ್ಧಪಡಿಸಿದ ಸ್ಲೈಡ್‌ಗಳನ್ನು, ಆ ತಂತ್ರಾಂಶ ಇಲ್ಲದವರೂ ಬ್ರೌಸರ್‌ನಲ್ಲಿ ತೆರೆದು ಓದಬಲ್ಲ ರೂಪಕ್ಕೆ ತರುವ ಕ್ರಿಯೆ. ಶಿಕ್ಷಕರ ದಿನಬಳಕೆಯ ಮಾತಿನಲ್ಲಿ ಇಂಥ ಕಡತಗಳಿಗೆ 'ಪಿಪಿಟಿ' ಎಂಬ ಹೆಸರೇ ರೂಢಿಯಲ್ಲಿದೆ. ಪರಿವರ್ತನೆಗೆ ಹಲವಾರು ತಂತ್ರಾಂಶಗಳು ಲಭ್ಯವಿದ್ದು, ಸಾಮಾನ್ಯವಾಗಿ ಅವುಗಳನ್ನು ಬೆಲೆ, ಅನಿಮೇಶನ್ ಉಳಿಸಿಕೊಳ್ಳುವ ಶಕ್ತಿ ಮತ್ತು ಕಡತದ ಗಾತ್ರಗಳ ಆಧಾರದ ಮೇಲೆ ಹೋಲಿಸಲಾಗುತ್ತದೆ. ಕನ್ನಡ ಪ್ರಸ್ತುತಿಗಳ ಮಟ್ಟಿಗೆ ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬೇರೊಂದಿದೆ: ಸ್ಲೈಡಿನಲ್ಲಿರುವ ಅಕ್ಷರಗಳು ಯೂನಿಕೋಡ್‌ನಲ್ಲಿವೆಯೇ, ಅಥವಾ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಸಂಕೇತಕ್ರಮದಲ್ಲಿವೆಯೇ ಎಂಬುದು.

ಈ ಪ್ರಶ್ನೆಯ ಮಹತ್ವ ಸ್ಥಳೀಯ ವಿಷಯದ ಪಾಠಗಳಲ್ಲಿ ಎದ್ದು ಕಾಣುತ್ತದೆ. ದ್ಯುತಿಸಂಶ್ಲೇಷಣೆಯ ಪಾಠ ಒಂದು ಕಡೆ ಹಾಳಾದರೆ ನೂರು ಕಡೆ ಸಿಗುತ್ತದೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ವಿಷಯ ಹಾಗಲ್ಲ. 1858ರ ನರಗುಂದದ ಬಂಡಾಯ, 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ನಡೆಸಿದ ಚಳವಳಿ, ಸೂಡಿಯ ಚಾಲುಕ್ಯ ಶೈಲಿಯ ದೇಗುಲಗಳು, ಗಜೇಂದ್ರಗಡದ ಕಾಲಕಾಲೇಶ್ವರ ಕ್ಷೇತ್ರ ಮತ್ತು ನೇಕಾರಿಕೆ ಇವುಗಳ ಮೇಲೆ ಒಬ್ಬ ಶಿಕ್ಷಕರು ಊರೂರು ತಿರುಗಿ ಚಿತ್ರ ತೆಗೆದು ಮಾಡಿದ ಸ್ಲೈಡ್‌ಗಳಿಗೆ ಬದಲಿ ಪ್ರತಿ ಬೇರೆಲ್ಲೂ ಇರುವುದಿಲ್ಲ. ಪರಿವರ್ತನೆಯಲ್ಲಿ ಅಕ್ಷರ ಕೆಟ್ಟರೆ ಕೆಡುವುದು ಆ ಒಂದೇ ಪ್ರತಿ.

ಹಿನ್ನೆಲೆ

ಪವರ್‌ಪಾಯಿಂಟನ್ನು ಅಮೆರಿಕದ ಫೋರ್‌ಥಾಟ್ ಸಂಸ್ಥೆ 1987ರಲ್ಲಿ ಮ್ಯಾಕಿಂಟಾಷ್ ಗಣಕಗಳಿಗಾಗಿ ಹೊರತಂದಿತು. ಅದೇ ವರ್ಷ ಮೈಕ್ರೋಸಾಫ್ಟ್ ಆ ಸಂಸ್ಥೆಯನ್ನು ಕೊಂಡುಕೊಂಡಿತು. ಅಂತರಜಾಲ ಬಳಕೆಗೆ ಬಂದ ಮೇಲೆ ಪವರ್‌ಪಾಯಿಂಟ್‌ನಲ್ಲಿಯೇ ಪ್ರಸ್ತುತಿಯನ್ನು ವೆಬ್ ಪುಟವಾಗಿ ಉಳಿಸುವ ಸೌಲಭ್ಯ ಸೇರಿತು. 2010ರ ಆವೃತ್ತಿಯಲ್ಲಿ ಅದು ಆಯ್ಕೆಪಟ್ಟಿಯಿಂದ ಮರೆಯಾಯಿತು. ಪ್ರತ್ಯೇಕ ಪರಿವರ್ತಕ ತಂತ್ರಾಂಶಗಳ ಅಗತ್ಯ ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ.

ಆ ಕಾಲದ ಬಹುತೇಕ ಪರಿವರ್ತಕಗಳು ಸ್ಲೈಡ್‌ಗಳನ್ನು ಫ್ಲ್ಯಾಶ್ ರೂಪಕ್ಕೆ ತಿರುಗಿಸುತ್ತಿದ್ದವು. ಅನಿಮೇಶನ್, ಧ್ವನಿ ಎಲ್ಲವೂ ಉಳಿಯುತ್ತಿದ್ದುದರಿಂದ ಅದೇ ಅತ್ಯುತ್ತಮ ಎಂಬ ಭಾವನೆಯಿತ್ತು. 2006ರಲ್ಲಿ ಆರಂಭವಾದ ಸ್ಲೈಡ್‌ಶೇರ್ ತಾಣವೂ ಮೊದಲು ಫ್ಲ್ಯಾಶ್ ಅನ್ನೇ ಅವಲಂಬಿಸಿ, 2011ರಲ್ಲಿ ಎಚ್‌ಟಿಎಂಎಲ್5 ಕಡೆಗೆ ಹೊರಳಿತು. ಐಫೋನ್ ಫ್ಲ್ಯಾಶ್‌ಗೆ ಅವಕಾಶ ಕೊಡಲಿಲ್ಲ. 2020ರ ಡಿಸೆಂಬರ್ 31ರಂದು ಅಡೋಬಿ ಸಂಸ್ಥೆ ಫ್ಲ್ಯಾಶ್ ಪ್ಲೇಯರ್‌ಗೆ ಬೆಂಬಲ ನಿಲ್ಲಿಸಿತು. 2021ರ ಜನವರಿ 12ರಿಂದ ಆ ರೂಪದ ಕಡತಗಳು ಪ್ಲೇಯರ್‌ನಲ್ಲಿ ತೆರೆಯದಾದವು. ಮೂಲ ಪಿಪಿಟಿಯನ್ನು ಅಳಿಸಿ ಫ್ಲ್ಯಾಶ್ ಪ್ರತಿಯನ್ನಷ್ಟೇ ಇಟ್ಟುಕೊಂಡವರಿಗೆ ರಫಲ್‌ನಂಥ ಮುಕ್ತ ತಂತ್ರಾಂಶಗಳು ಸದ್ಯದ ಆಸರೆ, ಅವೂ ಎಲ್ಲ ಕಡತಗಳಿಗೆ ಒದಗುವುದಿಲ್ಲ. ಮೈಕ್ರೋಸಾಫ್ಟ್ 2014ರಲ್ಲಿ ಶಿಕ್ಷಕರನ್ನೇ ಗಮನದಲ್ಲಿಟ್ಟು ಆರಂಭಿಸಿದ್ದ ಆಫೀಸ್ ಮಿಕ್ಸ್ ಸೇವೆಯೂ 2018ರಲ್ಲಿ ಮುಚ್ಚಿಹೋಯಿತು. ಪರಿವರ್ತಿತ ಪ್ರತಿಯ ಆಯುಷ್ಯ ಮೂಲ ಕಡತಕ್ಕಿಂತ ಕಡಿಮೆ ಎಂಬುದಕ್ಕೆ ಇಷ್ಟು ಸಾಕ್ಷ್ಯ ಸಾಕು.

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಮಾಹಿತಿ ಸಿಂಧು ಮತ್ತು ಅನಂತರದ ಯೋಜನೆಗಳ ಮೂಲಕ ಗಣಕಗಳು ಬಂದವು. ರಾಜ್ಯದ ಡಿ.ಎಸ್.ಇ.ಆರ್.ಟಿ. ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆಗಳ ಸಹಯೋಗದಲ್ಲಿ ರೂಪುಗೊಂಡ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವು ವಿಕಿ ಮಾದರಿಯಲ್ಲಿದ್ದು, ಶಿಕ್ಷಕರು ಸಿದ್ಧಪಡಿಸಿದ ಸಾಮಗ್ರಿಗೆ ಜಾಲದಲ್ಲಿ ನೆಲೆ ಒದಗಿಸಿತು. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆಯೂ ಪಿಡಿಎಫ್, ವಿಡಿಯೊ, ಎಚ್5ಪಿ ಮುಂತಾದ ರೂಪಗಳಲ್ಲಿ ಪಾಠಗಳನ್ನು ಒಳಗೊಳ್ಳುತ್ತದೆ.

ಅಕ್ಷರಸಂಕೇತದ ತೊಡಕು

ಗಣಕದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆ ನಿಗದಿಯಾಗಿರುತ್ತದೆ. ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳ ವಿಭಾಗವೊಂದಿದ್ದು, 1991ರ ಮೊದಲ ಆವೃತ್ತಿಯಿಂದಲೂ ಕನ್ನಡ ಅದರಲ್ಲಿ ಸೇರಿದೆ. ಆದರೆ ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡದ ಬೆಂಬಲ ದೊರೆತದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, ತುಂಗಾ ಫಾಂಟ್‌ನೊಂದಿಗೆ. ಅದಕ್ಕೂ ಮೊದಲು, ಅದಾದ ಮೇಲೂ ಬಹುಕಾಲ, ಕನ್ನಡ ಬೆರಳಚ್ಚು ನಡೆದದ್ದು ಬೇರೊಂದು ಉಪಾಯದಿಂದ. ಇಂಗ್ಲಿಷ್ ಹಾಗೂ ಯುರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಬರೆದಿರಿಸಿದ ಫಾಂಟ್‌ಗಳೇ ಆ ಉಪಾಯ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ, ರಾಜ್ಯ ಸರ್ಕಾರ ಉಚಿತವಾಗಿ ಹಂಚಿದ ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳು ಈ ಬಗೆಯವು. ಅಂದಿನ ಯಂತ್ರಗಳಲ್ಲಿ ಕನ್ನಡ ಮೂಡಿಸಲು ಅದಕ್ಕಿಂತ ಉತ್ತಮ ದಾರಿ ಇರಲಿಲ್ಲ. ಕಚೇರಿ, ಶಾಲೆ, ಮುದ್ರಣಾಲಯಗಳಲ್ಲಿ ಕನ್ನಡ ಉಳಿದದ್ದು ಆ ದಾರಿಯಿಂದಲೇ.

ಇಂಥ ಕಡತದ ಒಳಗೆ ಕನ್ನಡ ಇರುವುದಿಲ್ಲ. ಇರುವುದು ಯುರೋಪಿನ ಅಕ್ಷರಗಳು, ಅವುಗಳ ಮೇಲೆ ಕನ್ನಡದ ವೇಷ. ಫಾಂಟ್ ತೆಗೆದೊಡನೆ ವೇಷ ಕಳಚುತ್ತದೆ. ರೋಣ ಎಂಬ ಎರಡಕ್ಷರದ ಹೆಸರನ್ನೇ ನೋಡಬಹುದು. ಯೂನಿಕೋಡ್‌ನಲ್ಲಿ ಅದು ರಕಾರ, ಓತ್ವ, ಣಕಾರ ಎಂಬ ಮೂರು ಸಂಕೇತಗಳಲ್ಲಿ ಮುಗಿಯುತ್ತದೆ. ನುಡಿಯ ಹಳೆಯ ಕ್ರಮದಲ್ಲಿ ರಕಾರದ ಒಡಲಿಗೆ ಒಂದು, ಎತ್ವದ ಕೊಂಡಿಗೆ ಒಂದು, ಕೊಂಬಿನ ಬಾಲಕ್ಕೆ ಒಂದು, ದೀರ್ಘಕ್ಕೆ ಒಂದು, ಣಕಾರಕ್ಕೆ ಒಂದು, ಹೀಗೆ ಐದು ಸಂಕೇತಗಳು ಬೇಕು. ನುಡಿ ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ಆ ಐದೂ ಪರಕೀಯ ಅಕ್ಷರಗಳಾಗಿ ಸಾಲುಗಟ್ಟುತ್ತವೆ. ನಕಾರದ ಸ್ಥಾನದಲ್ಲಿ ಬ್ರಿಟಿಷ್ ಪೌಂಡ್ ನಾಣ್ಯದ ಚಿಹ್ನೆ ಕಾಣಿಸಿಕೊಳ್ಳುವುದರಿಂದ, ಬ್ರಿಟಿಷರ ವಿರುದ್ಧ ಬಾಬಾಸಾಹೇಬ ದಂಗೆಯೆದ್ದ ನರಗುಂದದ ಹೆಸರು ಪೌಂಡಿನಿಂದಲೇ ಶುರುವಾಗುತ್ತದೆ.

ಅರ್ಕಾವತ್ತಿನ ತೊಡಕು ಇನ್ನೊಂದು ಬಗೆಯದು. 'ಕರ್ನಾಟಕ' ಎಂಬ ಪದದಲ್ಲಿ ರಕಾರವನ್ನು ಉಚ್ಚರಿಸುವುದು ನಕಾರಕ್ಕಿಂತ ಮೊದಲು. ಬರೆಯುವುದು 'ನಾ' ಆದ ಮೇಲೆ. ಯೂನಿಕೋಡ್ ಉಚ್ಚಾರಣೆಯ ಅನುಕ್ರಮವನ್ನು ಪಾಲಿಸುತ್ತದೆ, ಹಳೆಯ ಫಾಂಟ್‌ಗಳು ಬರವಣಿಗೆಯ ಅನುಕ್ರಮವನ್ನು. ಆದಕಾರಣ ಒಂದರಿಂದ ಇನ್ನೊಂದಕ್ಕೆ ಬರುವಾಗ ತುಣುಕಿಗೆ ತುಣುಕು ಬದಲಿಸಿದರೆ ಸಾಲದು, ಸ್ಥಾನವನ್ನೂ ಬದಲಿಸಬೇಕು. ಕಳಪೆ ಪರಿವರ್ತಕಗಳು ಎಡವುವುದು ಇಲ್ಲಿಯೇ. 'ರ‍್ಯಾಲಿ', 'ರ‍್ಯಾಂಕ್' ಮುಂತಾದ ಪದಗಳಲ್ಲಿ ರಕಾರ ಮೇಲಕ್ಕೇ ಉಳಿಯಬೇಕಾದ್ದರಿಂದ ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ನಡುವೆ ಸೇರಿಸಬೇಕಾಗುತ್ತದೆ. ಅದು ತಪ್ಪಿದರೆ ರಕಾರ ಅರ್ಕಾವತ್ತಾಗಿ ಬದಿಗೆ ಸರಿಯುತ್ತದೆ.

ಕರ್ನಾಟಕ ಸರ್ಕಾರ 2012ರಲ್ಲಿ ಯೂನಿಕೋಡನ್ನು ಅಧಿಕೃತ ಶಿಷ್ಟತೆಯಾಗಿ ಅಂಗೀಕರಿಸಿತು. ನುಡಿಯ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಬೆರಳಚ್ಚಿನ ಅನುಕೂಲವಿದೆ. ಆದರೂ ಹಳೆಯ ಫಾಂಟ್‌ಗಳಲ್ಲಿ ಕೈ ಪಳಗಿದವರು ಅವನ್ನೇ ಬಳಸುವ ರೂಢಿ ಪೂರ್ತಿ ಅಳಿದಿಲ್ಲ. ಈಗಾಗಲೇ ಆಗಿರುವ ಕಡತಗಳಂತೂ ಹಾಗೆಯೇ ಉಳಿದಿವೆ.

ಪರಿವರ್ತನೆಯ ರೂಪಗಳು

ಪರಿವರ್ತಕ ತಂತ್ರಾಂಶಗಳು ನೀಡುವ ಫಲಿತಗಳು ಹಲವು ಬಗೆಯವಾದರೂ ಮೂಲದಲ್ಲಿ ಎರಡೇ ನೀತಿಗಳಿವೆ: ನೋಟವನ್ನು ಉಳಿಸುವುದು, ಇಲ್ಲವೇ ಪಠ್ಯವನ್ನು ಉಳಿಸುವುದು.

ಪ್ರತಿ ಸ್ಲೈಡನ್ನೂ ಒಂದು ಚಿತ್ರವನ್ನಾಗಿ ಮಾಡಿ ಸಾಲಾಗಿ ಜೋಡಿಸುವುದು ಮೊದಲ ನೀತಿಯ ಸರಳ ರೂಪ. ಹಳೆಯ ನುಡಿಯ ಪಾಠವೂ ಇದರಲ್ಲಿ ಸುಂದರವಾಗಿಯೇ ಕಾಣುತ್ತದೆ, ಅವಸರದಲ್ಲಿರುವವರಿಗೆ ಇದೇ ಪರಿಹಾರವೆನಿಸುತ್ತದೆ. ಆದರೆ ಚಿತ್ರದೊಳಗಿನ ಮಾತನ್ನು ಹುಡುಕುಯಂತ್ರ ಓದುವುದಿಲ್ಲ. ಸೂಡಿಯ ದೇಗುಲದ ಬಗ್ಗೆ ಹುಡುಕಿದವರಿಗೆ ಆ ಪಾಠ ಸಿಗುವುದಿಲ್ಲ. ತಿದ್ದುವುದೂ ಸಾಧ್ಯವಿಲ್ಲ. ಗಜೇಂದ್ರಗಡ ಮೊದಲು ರೋಣ ತಾಲೂಕಿನಲ್ಲಿತ್ತು, ಈಗ ತಾನೇ ತಾಲೂಕು ಕೇಂದ್ರ. ಗದಗ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಇಂಥ ಬದಲಾವಣೆಗಳಾದಾಗ ಪಠ್ಯವಿರುವ ಪುಟದಲ್ಲಿ ಒಂದು ಪದ ತಿದ್ದಿದರೆ ಸಾಕು. ಚಿತ್ರವಾದರೆ ಸ್ಲೈಡನ್ನೇ ಮರಳಿ ಮಾಡಬೇಕು.

ಗಾತ್ರದ ವ್ಯತ್ಯಾಸವೂ ಚಿಕ್ಕದಲ್ಲ. 30 ಸ್ಲೈಡ್‌ಗಳ ಪಾಠದಲ್ಲಿ ಒಂದೊಂದೂ 200 ಕಿಲೋಬೈಟಿನ ಚಿತ್ರವಾದರೆ ಒಟ್ಟು 6 ಮೆಗಾಬೈಟ್. ಅದೇ ಪಾಠದ ಪ್ರತಿ ಸ್ಲೈಡಿನಲ್ಲಿ 300 ಯೂನಿಕೋಡ್ ಸಂಕೇತಗಳಿವೆ ಎಂದುಕೊಂಡರೆ, ಕನ್ನಡದ ಒಂದು ಸಂಕೇತಕ್ಕೆ ಯುಟಿಎಫ್-8 ಕ್ರಮದಲ್ಲಿ 3 ಬೈಟ್‌ಗಳಂತೆ, ಪಠ್ಯದ ಒಟ್ಟು ಗಾತ್ರ 27 ಕಿಲೋಬೈಟ್ ಮಾತ್ರ. ಛಾಯಾಚಿತ್ರಗಳ ಭಾರ ಎರಡರಲ್ಲೂ ಇದ್ದದ್ದೇ. ಬರಿಯ ಮಾತನ್ನೂ ಚಿತ್ರವಾಗಿಸಿ ಹೊರುವುದು ಅನಗತ್ಯ ಹೊರೆ.

ಪಿಡಿಎಫ್ ಈ ಎರಡು ನೀತಿಗಳ ನಡುವೆ ನಿಂತಿದೆ. ಅದು ಫಾಂಟನ್ನು ತನ್ನೊಳಗೇ ಹೊತ್ತೊಯ್ಯುವುದರಿಂದ ಎಲ್ಲ ಯಂತ್ರಗಳಲ್ಲೂ ಒಂದೇ ರೀತಿ ಕಾಣುತ್ತದೆ. ಅಪಾಯವಿರುವುದೂ ಇಲ್ಲಿಯೇ: ಹಳೆಯ ನುಡಿಯ ಪಿಡಿಎಫ್ ಕಣ್ಣಿಗೆ ಶುದ್ಧ ಕನ್ನಡವಾಗಿ ಕಾಣುತ್ತದೆ, ಒಳಗೆ ಯುರೋಪಿನ ಅಕ್ಷರಗಳೇ ಇರುತ್ತವೆ. ಯಾವುದಾದರೂ ಒಂದು ಸಾಲನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿದಾಗ ಗುಟ್ಟು ಬಯಲಾಗುತ್ತದೆ. ಯೂನಿಕೋಡ್ ಪಠ್ಯದ ಪಿಡಿಎಫ್‌ನಿಂದ ನಕಲು ಮಾಡಿದಾಗಲೂ ಕೆಲವೊಮ್ಮೆ ಒತ್ತಕ್ಷರಗಳು ಸ್ಥಾನಪಲ್ಲಟವಾಗುವುದುಂಟು. ಪಿಡಿಎಫ್ ತಯಾರಿಸಿದ ತಂತ್ರಾಂಶ ಅಕ್ಷರರೂಪಗಳಿಗೂ ಸಂಕೇತಗಳಿಗೂ ನಡುವಿನ ಸಂಬಂಧವನ್ನು ಸರಿಯಾಗಿ ದಾಖಲಿಸದಿದ್ದರೆ ಹೀಗಾಗುತ್ತದೆ.

ವಿಡಿಯೊ ರೂಪ ಧ್ವನಿಸಹಿತ ಪಾಠಗಳಿಗೆ ಒಪ್ಪುತ್ತದೆ. ಮೌನವಾದ ಸ್ಲೈಡ್‌ಗಳನ್ನು ವಿಡಿಯೊ ಮಾಡಿದರೆ ಓದುವವನ ವೇಗಕ್ಕೆ ಅದು ಹೊಂದುವುದಿಲ್ಲ.

ಪಠ್ಯವನ್ನು ಉಳಿಸುವ ನೀತಿಯಲ್ಲಿ ಪ್ರಸ್ತುತಿಯು ಎಚ್‌ಟಿಎಂಎಲ್ ಪುಟವಾಗುತ್ತದೆ. ಅಕ್ಷರಗಳು ಅಕ್ಷರಗಳಾಗಿಯೇ ಇರುತ್ತವೆ, ಮೊಬೈಲ್ ಪರದೆಯಲ್ಲಿ ಹಿಗ್ಗಿಸಿ ಓದಬಹುದು. ದೃಷ್ಟಿದೋಷವುಳ್ಳವರು ಬಳಸುವ ಎನ್‌ವಿಡಿಎಯಂಥ ಪರದೆವಾಚಕಗಳು ಇಸ್ಪೀಕ್ ಧ್ವನಿಯ ಮೂಲಕ ಯೂನಿಕೋಡ್ ಕನ್ನಡವನ್ನು ಓದಿ ಹೇಳಬಲ್ಲವು. ಚಿತ್ರದ ಸ್ಲೈಡಿನ ಮುಂದೆ ಅವು ಮೂಕವಾಗುತ್ತವೆ. ಹಳೆಯ ಸಂಕೇತದ ಪಠ್ಯವನ್ನು ಓದಿದರೆ ಅರ್ಥವಿಲ್ಲದ ಪರಭಾಷೆಯ ಅಕ್ಷರಮಾಲೆ ಕೇಳಿಬರುತ್ತದೆ. ಗಾನಯೋಗಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ನಡೆಸಿದ ವೀರೇಶ್ವರ ಪುಣ್ಯಾಶ್ರಮದಿಂದಾಗಿ ಅಂಧರ ವಿದ್ಯಾಭ್ಯಾಸಕ್ಕೆ ಹೆಸರಾದ ಗದಗ ಸೀಮೆಯಲ್ಲಿ ಇದನ್ನು ಗೌಣ ವಿಷಯವೆಂದು ಎಣಿಸಲಾಗದು.

ಬಳಕೆಯಲ್ಲಿರುವ ತಂತ್ರಾಂಶಗಳು

ಗೂಗಲ್ ಸ್ಲೈಡ್ಸ್ ಉಚಿತ ಸೇವೆ. ಪಿಪಿಟಿಯನ್ನು ಏರಿಸಿ 'ಜಾಲದಲ್ಲಿ ಪ್ರಕಟಿಸು' ಎಂಬ ಆಯ್ಕೆಯಿಂದ ಕೊಂಡಿ ಪಡೆಯಬಹುದು, ಬೇರೆ ಜಾಲತಾಣದ ಪುಟದೊಳಗೆ ಕೂರಿಸಲೂಬಹುದು. ಯೂನಿಕೋಡ್ ಕನ್ನಡಕ್ಕೆ ಇದು ಸುಲಭದ ದಾರಿ. ಆದರೆ ಬಳಕೆದಾರರು ತಮ್ಮದೇ ಫಾಂಟ್ ಅಳವಡಿಸಲು ಇಲ್ಲಿ ಅವಕಾಶವಿಲ್ಲದ ಕಾರಣ, ಹಳೆಯ ನುಡಿಯ ಕಡತ ಏರಿಸಿದ ಕ್ಷಣವೇ ಗೋಜಲಾಗುತ್ತದೆ. ಒಂದು ಅರ್ಥದಲ್ಲಿ ಇದು ಪ್ರಾಮಾಣಿಕ ತಂತ್ರಾಂಶ: ಒಳಗಿರುವುದನ್ನೇ ತೋರಿಸುತ್ತದೆ.

ಲಿಬ್ರೆಆಫೀಸ್ ಇಂಪ್ರೆಸ್ ಉಚಿತವೂ ಮುಕ್ತವೂ ಆಗಿದ್ದು ಉಬುಂಟು, ವಿಂಡೋಸ್ ಎರಡರಲ್ಲೂ ನಡೆಯುತ್ತದೆ. ಅಂತರಜಾಲದ ಸಂಪರ್ಕವಿಲ್ಲದೆಯೂ ಎಚ್‌ಟಿಎಂಎಲ್, ಪಿಡಿಎಫ್, ಎಸ್‌ವಿಜಿ ರೂಪಗಳಿಗೆ ಬದಲಿಸಬಲ್ಲದು. ಪರದೆವಾಚಕಗಳಿಗೆ ನೆರವಾಗುವ ರಚನಾಸೂಚಿಗಳನ್ನು ಪಿಡಿಎಫ್‌ನಲ್ಲಿ ಸೇರಿಸುವ ಆಯ್ಕೆಯೂ ಇದೆ. ಇದರ ಎಚ್‌ಟಿಎಂಎಲ್ ಫಲಿತ ಮಾತ್ರ ಬಹುಮಟ್ಟಿಗೆ ಚಿತ್ರಾಧಾರಿತವಾದದ್ದು. ಅದಕ್ಕಿಂತ ಇದರ ಪಿಡಿಎಫ್ ಹೆಚ್ಚು ಉಪಯುಕ್ತ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯು ಲಿಬ್ರೆಆಫೀಸ್ ಕಲಿಕೆಯ ಪಾಠಗಳನ್ನು ಕನ್ನಡದಲ್ಲಿಯೂ ಒದಗಿಸಿದೆ.

ಐಸ್ಪ್ರಿಂಗ್, ಆರ್ಟಿಕ್ಯುಲೇಟ್ ಮೊದಲಾದ ವಾಣಿಜ್ಯ ತಂತ್ರಾಂಶಗಳು ಮೊದಲು ಫ್ಲ್ಯಾಶ್‌ಗೂ ಈಗ ಎಚ್‌ಟಿಎಂಎಲ್5ಗೂ ಪರಿವರ್ತಿಸುತ್ತವೆ. ಅನಿಮೇಶನ್, ರಸಪ್ರಶ್ನೆ, ಅಂಕಗಳ ದಾಖಲೆ ಇವುಗಳ ವಿಶೇಷ. ಕಂಪನಿಗಳ ತರಬೇತಿ ವಿಭಾಗಗಳಿಗೆ ಇವು ಹೊಂದಿಕೊಂಡಷ್ಟು ಸರ್ಕಾರಿ ಶಾಲೆಯ ಕೈಗೆ ಎಟುಕುವುದಿಲ್ಲ. ರಸಪ್ರಶ್ನೆ ಬೇಕಾದವರಿಗೆ ಎಚ್5ಪಿ ಎಂಬ ಮುಕ್ತ ತಂತ್ರಾಂಶವಿದೆ, ಆದರೆ ಸ್ಲೈಡ್‌ಗಳನ್ನು ಅದರೊಳಗೆ ಹೊಸದಾಗಿ ಕಟ್ಟಬೇಕು.

ರಿವೀಲ್ ಜೆಎಸ್ ಎಂಬುದು ಸ್ಲೈಡ್‌ಗಳನ್ನು ನೇರವಾಗಿ ವೆಬ್ ಪುಟವಾಗಿಯೇ ಬರೆಯುವ ಮುಕ್ತ ಸಾಧನ. ಪಠ್ಯ ಶುದ್ಧವಾಗಿ ಉಳಿಯುತ್ತದೆ, ಯಾವ ಕಂಪನಿಯ ಸೇವೆ ಮುಚ್ಚಿದರೂ ಪುಟ ತೆರೆಯುತ್ತದೆ. ಪ್ರಾಥಮಿಕ ಮಟ್ಟದ ಎಚ್‌ಟಿಎಂಎಲ್ ಜ್ಞಾನ ಬೇಕಾಗುವುದು ಇದರ ಮಿತಿ. ಬಾಳಿಕೆ ಮುಖ್ಯವಾದ ಪಾಠಗಳಿಗೆ, ವಿಶೇಷವಾಗಿ ಸ್ಥಳೀಯ ಇತಿಹಾಸದವಕ್ಕೆ, ಈ ಶ್ರಮ ವ್ಯರ್ಥವಲ್ಲ.

ಪರಿವರ್ತನೆಗೆ ಮುನ್ನ ಅಕ್ಷರಶುದ್ಧಿ

ಹಳೆಯ ಸಂಕೇತದ ಕಡತವನ್ನು ಯಾವ ಪರಿವರ್ತಕಕ್ಕೆ ಕೊಡುವ ಮೊದಲೂ ಯೂನಿಕೋಡ್‌ಗೆ ತರುವುದು ಅಗತ್ಯ. ಯಾವುದು ಹಳೆಯದು ಎಂದು ತಿಳಿಯಲು ಒಂದು ಪದವನ್ನು ಆರಿಸಿ ಅದರ ಫಾಂಟನ್ನು ತುಂಗಾ, ನಿರ್ಮಲಾ ಅಥವಾ ನೋಟೊ ಸಾನ್ಸ್ ಕನ್ನಡಕ್ಕೆ ಬದಲಿಸಿ ನೋಡಿದರೆ ಸಾಕು. ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್.

ಕನ್ನಡಕ್ಕೆ ಯೂನಿಕೋಡ್ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವು ಸರಳ ಪಠ್ಯಕ್ಕಾಗಿ ಮಾಡಿದಂಥವು. ಸ್ಲೈಡಿನಲ್ಲಿ ಕನ್ನಡ, ಇಂಗ್ಲಿಷ್, ಸೂತ್ರ, ಇಸವಿಗಳು ಬೆರೆತಿರುತ್ತವೆ. ಪೂರ್ತಿ ಪಠ್ಯವನ್ನು ಒಟ್ಟಾಗಿ ಪರಿವರ್ತಕಕ್ಕೆ ಹಾಕಿದರೆ ನುಡಿಯ ಭಾಗ ಕನ್ನಡವಾಗುವುದರ ಜೊತೆಗೆ ನಿಜವಾದ ಇಂಗ್ಲಿಷ್ ಪದಗಳೂ ಅರ್ಥಹೀನ ಕನ್ನಡವಾಗುತ್ತವೆ. ಆದ್ದರಿಂದ ಯಾವ ತುಣುಕು ಯಾವ ಫಾಂಟ್‌ನಲ್ಲಿದೆ ಎಂಬುದನ್ನು ನೋಡಿಕೊಂಡು ನುಡಿಯ ಭಾಗವನ್ನಷ್ಟೇ ಬದಲಿಸಬೇಕು. 2007ರಿಂದ ಈಚಿನ ಪವರ್‌ಪಾಯಿಂಟ್ ಕಡತ ವಾಸ್ತವದಲ್ಲಿ ಎಕ್ಸ್‌ಎಂಎಲ್ ಪುಟಗಳ ಒಂದು ಜಿಪ್ ಗಂಟು. ಅದರೊಳಗೆ ಪ್ರತಿ ಪಠ್ಯತುಣುಕಿನ ಜೊತೆಗೆ ಫಾಂಟಿನ ಹೆಸರನ್ನೂ ದಾಖಲಿಸಬಹುದಾದ್ದರಿಂದ, ಪ್ರೋಗ್ರಾಮಿಂಗ್ ಬಲ್ಲವರು ಹತ್ತಾರು ಪಾಠಗಳನ್ನು ಒಮ್ಮೆಗೇ ಬದಲಿಸಲು ಸಾಧ್ಯವಿದೆ. ಹಳೆಯ ನುಡಿಯ ಪಠ್ಯ ಅಲ್ಲಿ ಲ್ಯಾಟಿನ್ ಫಾಂಟಿನ ಖಾತೆಯಲ್ಲಿರುತ್ತದೆ, ಯೂನಿಕೋಡ್ ಕನ್ನಡ ಸಂಕೀರ್ಣ ಲಿಪಿಯ ಖಾತೆಗೆ ಸೇರುತ್ತದೆ. ಪಠ್ಯ ಬದಲಿಸಿ ಈ ಖಾತೆಯನ್ನು ಸರಿಪಡಿಸದಿದ್ದರೆ ಅಕ್ಷರಗಳು ಬಯಸಿದ ಫಾಂಟಿನಲ್ಲಿ ಮೂಡುವುದಿಲ್ಲ. ನುಡಿಯ ಫಾಂಟ್‌ಗಳಲ್ಲಿ ಕನ್ನಡ ಅಂಕಿಗಳಿರುವವು, ಇಂಗ್ಲಿಷ್ ಅಂಕಿಗಳಿರುವವು ಎಂಬ ಎರಡು ಬಗೆಗಳಿರುವುದರಿಂದ ಇಸವಿಗಳನ್ನೂ ಒಮ್ಮೆ ನೋಡಿಕೊಳ್ಳಬೇಕು.

ಪರಿವರ್ತನೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಪಾಠವನ್ನೆಲ್ಲ ಓದಬೇಕಿಲ್ಲ. ರೋಣ, ಗಜೇಂದ್ರಗಡ, ಕರ್ನಾಟಕ, ರಾಷ್ಟ್ರೀಯ, ಸೂರ್ಯ, ಜ್ಞಾನ, ರ‍್ಯಾಲಿ ಈ ಏಳು ಪದಗಳು ಓತ್ವ, ಒತ್ತು, ಅರ್ಕಾವತ್ತು, ಮೂರಕ್ಷರದ ಸಂಯುಕ್ತ, ಜ್ಞಕಾರ, ಜೋಡಕ ಎಲ್ಲವನ್ನೂ ಒರೆಗೆ ಹಚ್ಚುತ್ತವೆ. ಯೂನಿಕೋಡ್ ಅಕ್ಷರಗಳು ನುಡಿಯವಕ್ಕಿಂತ ಅಗಲ ಅಥವಾ ಎತ್ತರವಾಗಿರಬಹುದಾದ್ದರಿಂದ ಸಾಲುಗಳು ಚೌಕಟ್ಟು ಮೀರುವುದುಂಟು. ಅದನ್ನು ಕೈಯಿಂದಲೇ ಸರಿಪಡಿಸಬೇಕಾಗುತ್ತದೆ.

ಮೂಲ ಕಡತ ಕಳೆದು ಚಿತ್ರಗಳಷ್ಟೇ ಉಳಿದಿರುವಾಗ ಅಕ್ಷರ ಗುರುತಿಸುವ ತಂತ್ರಾಂಶವನ್ನು ಬಳಸಬಹುದು. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಮತ್ತು ಗೂಗಲ್ ಡ್ರೈವ್ ಎರಡೂ ಕನ್ನಡ ಬಲ್ಲವು. ಬಣ್ಣದ ಹಿನ್ನೆಲೆಯ ಮೇಲಿನ ಅಲಂಕಾರಿಕ ಅಕ್ಷರಗಳಲ್ಲಿ ತಪ್ಪುಗಳು ಹೆಚ್ಚು. ಕರಡು ತಿದ್ದದೆ ಪ್ರಕಟಿಸುವಂತಿಲ್ಲ.

ಹಕ್ಕುಸ್ವಾಮ್ಯ

ತರಗತಿಯೊಳಗಿನ ಬೋಧನೆಗೆ 1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆ ಕೆಲವು ವಿನಾಯಿತಿಗಳನ್ನು ಕೊಡುತ್ತದೆ. ಅದೇ ಸ್ಲೈಡ್ ಎಲ್ಲರಿಗೂ ತೆರೆದ ಜಾಲತಾಣಕ್ಕೆ ಏರಿದಾಗ ಅದು ಪ್ರಕಟಣೆಯಾಗುತ್ತದೆ. ಪುಸ್ತಕದಿಂದ ಸ್ಕ್ಯಾನ್ ಮಾಡಿದ ನಕಾಶೆ, ಪತ್ರಿಕೆಯಿಂದ ತೆಗೆದ ಛಾಯಾಚಿತ್ರಗಳನ್ನು ಆಗ ಬಿಟ್ಟು, ಸ್ವತಃ ತೆಗೆದ ಚಿತ್ರಗಳನ್ನೋ ಮುಕ್ತ ಪರವಾನಗಿಯ ಚಿತ್ರಗಳನ್ನೋ ಬಳಸುವುದು ಕ್ಷೇಮ. ಗಜೇಂದ್ರಗಡದ ಕೋಟೆ, ಸೂಡಿಯ ಜೋಡು ಕಳಸದ ಗುಡಿಗಳಂಥ ವಿಷಯಗಳಲ್ಲಿ ಶಿಕ್ಷಕರು ತಾವೇ ತೆಗೆದ ಚಿತ್ರಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿದರೆ ಇತರರ ಪಾಠಗಳಿಗೂ ಒದಗುತ್ತವೆ. ಕಾಮನ್ಸ್ ಪಿಪಿಟಿ ಕಡತಗಳನ್ನು ಸ್ವೀಕರಿಸುವುದಿಲ್ಲ, ಪಿಡಿಎಫ್ ಸ್ವೀಕರಿಸುತ್ತದೆ.